ರೂಬಿನ್ ಮ್ಯೂಸಿಯಂ ಕಟ್ಟಡ ಮುಚ್ಚಿದ ಮೇಲೆ ನ್ಯೂಯಾರ್ಕಿನಲ್ಲಿ ಹಿಮಾಲಯದ ಕಲೆ ಎಲ್ಲಿ ನೋಡುವುದು, ಹೇಗೆ ನೋಡುವುದು?

ಪ್ರಶ್ನೆ: ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನ್ಯೂಯಾರ್ಕಿನಲ್ಲಿ ಎರಡು ದಿನ ಬಿಡುವಿದೆ. ಹಿಮಾಲಯದ ಕಲೆಗೆಂದೇ ಇರುವ ರೂಬಿನ್ ಮ್ಯೂಸಿಯಂ ನೋಡೋಣ ಅಂದುಕೊಂಡಿದ್ದೆ. ಹಳೆಯ ಗೈಡಿನಲ್ಲಿ ಪಶ್ಚಿಮ 17ನೇ ಬೀದಿ, ನಂಬರ್ 150 ಎಂದಿದೆ. ಮ್ಯಾಪಿನಲ್ಲಿ ಹುಡುಕಿದರೆ ಮುಚ್ಚಿದೆ ಅನ್ನುತ್ತದೆ. ಅಲ್ಲಿದ್ದ ವಸ್ತುಗಳೆಲ್ಲ ಈಗ ಎಲ್ಲಿವೆ? ಕಳವಿನ ಮಾಲು ಸಿಕ್ಕಿಬಿದ್ದದ್ದಕ್ಕೇ ಬಾಗಿಲು ಹಾಕಿದರು ಅಂತ ಒಬ್ಬರು ಹೇಳಿದರು, ನಿಜವೇ?

ಇನ್ನೆರಡು ಸಂದೇಹ. ಮ್ಯೂಸಿಯಂಗಳಲ್ಲಿ ಪಕ್ಕಪಕ್ಕದ ಎರಡು ವಿಗ್ರಹ ಒಂದೇ ಥರ ಕಾಣುತ್ತವೆ, ಆದರೆ ಒಂದರ ಚೀಟಿಯಲ್ಲಿ ನೇಪಾಳ, ಇನ್ನೊಂದರಲ್ಲಿ ಟಿಬೆಟ್ ಎಂದಿರುತ್ತದೆ. ಗುರುತು ಹಿಡಿಯುವುದು ಹೇಗೆ? ಹಾಗೇ, ಬೈಲಕುಪ್ಪೆಯಲ್ಲಿ ಕೊಂಡ ಒಂದು ಥಾಂಗ್ಕಾ (ಬಟ್ಟೆಯ ಮೇಲೆ ಬರೆದ ಟಿಬೆಟಿ ಬೌದ್ಧ ಚಿತ್ರ) ಸಕಲೇಶಪುರದ ಮನೆಯಲ್ಲಿದೆ. ಮಳೆಗಾಲ ಬಂದರೆ ಅಂಚೆಲ್ಲ ಅಲೆಅಲೆಯಾಗಿ ಏಳುತ್ತದೆ, ಜರಿಬಟ್ಟೆಯ ಮೇಲೆ ಕಂದು ಚುಕ್ಕೆ ಬಂದಿದೆ. ಗಾಜು ಹಾಕಿಸಿ ಫ್ರೇಮ್ ಮಾಡಿಸಬಹುದೇ?

ಉತ್ತರ 1: ಹದಿನೇಳನೇ_ಬೀದಿ

ಮೊದಲು ಮ್ಯೂಸಿಯಂ ವಿಷಯ. ಡೊನಾಲ್ಡ್ ಮತ್ತು ಶೆಲ್ಲಿ ರೂಬಿನ್ ದಂಪತಿ ಕೂಡಿಹಾಕಿದ ಸಂಗ್ರಹದಿಂದ ಶುರುವಾದದ್ದು ಅದು. 2004ರ ಅಕ್ಟೋಬರಿನಲ್ಲಿ ತೆರೆಯಿತು, 2024ರ ಅಕ್ಟೋಬರ್ 6ರಂದು ಕಟ್ಟಡ ಮುಚ್ಚಿತು. ಸರಿಯಾಗಿ ಇಪ್ಪತ್ತು ವರ್ಷ. ಅದಕ್ಕೂ ಮುಂಚೆ ಆ ಕಟ್ಟಡದಲ್ಲಿ ಬಾರ್ನೀಸ್ ಬಟ್ಟೆ ಅಂಗಡಿ ಇತ್ತು. ನಡುವೆ ಸುರುಳಿಯಾಗಿ ಏರುವ ಉಕ್ಕು–ಅಮೃತಶಿಲೆಯ ಮೆಟ್ಟಿಲನ್ನು ಅಂಗಡಿಗಾಗಿ ಆಂದ್ರೆ ಪುಟ್‌ಮನ್ ವಿನ್ಯಾಸ ಮಾಡಿದ್ದರು; ಮ್ಯೂಸಿಯಂ ಬಂದಾಗಲೂ ಅದನ್ನು ಹಾಗೇ ಉಳಿಸಿಕೊಂಡರು. ಈಗ ಅಲ್ಲಿಗೆ ಹೋದರೆ ಹೊರಗೋಡೆ ನೋಡಿ ಬರಬೇಕು, ಅಷ್ಟೇ.

ಸಂಸ್ಥೆ ಮಾತ್ರ ಮುಚ್ಚಿಲ್ಲ. ಸುಮಾರು 4,000 ವಸ್ತುಗಳ ಸಂಗ್ರಹ ಅದರ ಕೈಯಲ್ಲೇ ಇದೆ. ಸ್ವಂತ ಗ್ಯಾಲರಿ ಇಟ್ಟುಕೊಳ್ಳದೆ ಬೇರೆ ಮ್ಯೂಸಿಯಂಗಳಿಗೆ ಎರವಲು ಕೊಡುವುದು, ವಿಶ್ವವಿದ್ಯಾಲಯಗಳಿಗೆ ಸಂಚಾರಿ ಪ್ರದರ್ಶನ ಕಳಿಸುವುದು, ಅಂತರ್ಜಾಲದಲ್ಲಿ ಪಾಠ ಒದಗಿಸುವುದು ಈಗಿನ ಪದ್ಧತಿ. ‘ಗೋಡೆಗಳಿಲ್ಲದ ಮ್ಯೂಸಿಯಂ’ ಎಂದು ಅವರು ಹೇಳಿಕೊಳ್ಳುತ್ತಾರೆ. ಎರಡೇ ದಿನಕ್ಕೆಂದು ಬರುವವರಿಗೆ ಗೋಡೆ ಇದ್ದಿದ್ದರೇ ಚೆನ್ನಾಗಿತ್ತು, ಇರಲಿ.

ನಿಮಗೆ ಮುಖ್ಯವಾಗಿ ಬೇಕಾದದ್ದು ಅಲ್ಲಿನ ಟಿಬೆಟಿ ಬೌದ್ಧ ಪೂಜಾಕೋಣೆ. ಅದು 2025ರ ಜೂನ್‌ನಿಂದ ಬ್ರೂಕ್ಲಿನ್ ಮ್ಯೂಸಿಯಂನ ಏಷ್ಯಾ ವಿಭಾಗದಲ್ಲಿದೆ, ಆರು ವರ್ಷದ ಎರವಲು. ಉಳ್ಳವರ ಮನೆಯ ದೇವರಕೋಣೆ ಹೇಗಿರುತ್ತದೋ ಹಾಗೆ ನೂರಕ್ಕೂ ಹೆಚ್ಚು ವಸ್ತುಗಳನ್ನು ಜೋಡಿಸಿದ್ದಾರೆ. ಗೋಡೆಯಲ್ಲಿ ಥಾಂಗ್ಕಾ, ಬಣ್ಣದ ಮರದ ಪೆಟ್ಟಿಗೆಗಳ ಮೇಲೆ ವಿಗ್ರಹ, ಮುಂದೆ ನೀರಿನ ಬಟ್ಟಲು, ದೀಪ, ವಾದ್ಯ. ಪ್ರತಿ ವಸ್ತುವಿಗೂ ಪಕ್ಕದಲ್ಲಿ ಚೀಟಿ ಅಂಟಿಸಿರುವುದಿಲ್ಲ. ಅದಕ್ಕೇ ಅವಸರದಲ್ಲಿ ಬಂದವರು ಐದು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಕೂತು ಕಣ್ಣು ಒಗ್ಗಿಸಿಕೊಳ್ಳಲು ಅರ್ಧ ಗಂಟೆ ಕೊಡಿ. ಸಬ್‌ವೇ 2 ಅಥವಾ 3ರಲ್ಲಿ ‘ಈಸ್ಟರ್ನ್ ಪಾರ್ಕ್‌ವೇ–ಬ್ರೂಕ್ಲಿನ್ ಮ್ಯೂಸಿಯಂ’ ನಿಲ್ದಾಣ, ಮೇಲೆ ಬಂದರೆ ಬಾಗಿಲು. ಸೋಮವಾರ, ಮಂಗಳವಾರ ರಜೆ.

ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೇಪಾಳ–ಟಿಬೆಟ್‌ಗೆ ಸಣ್ಣ ಕೋಣೆಗಳಿವೆ. ಏಷ್ಯಾ ವಿಭಾಗದ ಒಳಮೂಲೆಯಲ್ಲಿರುವುದರಿಂದ ಸುಮಾರು ಜನ ತಪ್ಪಿಸಿಕೊಳ್ಳುತ್ತಾರೆ, ಕಾವಲಿನವರನ್ನು ಕೇಳಿ. ಬುಧವಾರ ರಜೆ, ಶುಕ್ರವಾರ, ಶನಿವಾರ ರಾತ್ರಿ 9ರ ತನಕ ತೆರೆದಿರುತ್ತದೆ. ಥಾಂಗ್ಕಾಗಳನ್ನು ಬೆಳಕಿನ ಲೆಕ್ಕದಲ್ಲಿ ಆಗಾಗ ಬದಲಿಸುತ್ತಾರೆ. ಆದ್ದರಿಂದ ಯಾವುದೋ ಒಂದನ್ನೇ ನೋಡಬೇಕೆಂದಿದ್ದರೆ ಹೊರಡುವ ಮುಂಚೆ ಅವರ ಜಾಲತಾಣದಲ್ಲಿ ‘ಪ್ರದರ್ಶನದಲ್ಲಿದೆ’ ಎಂದು ಇದೆಯೇ ನೋಡಿಕೊಳ್ಳಿ.

ಎರಡನೇ ದಿನಕ್ಕೆ ನನ್ನ ಆಯ್ಕೆ ನ್ಯೂವಾರ್ಕ್ ಊರಿನ ಮ್ಯೂಸಿಯಂ. ನ್ಯೂಜೆರ್ಸಿಯಲ್ಲಿ ನೆಂಟರಿದ್ದರೆ ಇನ್ನೂ ಸುಲಭ. ಅಲ್ಲಿನ ಟಿಬೆಟಿ ಸಂಗ್ರಹ 1911ರಿಂದ ಬೆಳೆದದ್ದು, ಅಮೆರಿಕದಲ್ಲೇ ಹಳೆಯದರ ಪೈಕಿ. ಒಳಗೆ ಒಂದು ಪೂರ್ಣ ಪೂಜಾಪೀಠ ಇದೆ. 1990ರಲ್ಲಿ ದಲೈ ಲಾಮಾ ಅದನ್ನು ಪ್ರತಿಷ್ಠೆ ಮಾಡಿದರು. ಇನ್ನೊಂದು ಸ್ಟೇಟನ್ ಐಲೆಂಡಿನ ಲೈಟ್‌ಹೌಸ್ ಅವೆನ್ಯೂದಲ್ಲಿರುವ ಜಾಕ್ ಮಾರ್ಷೆ ಮ್ಯೂಸಿಯಂ. ಗುಡ್ಡದ ಮೇಲೆ ಕಲ್ಲಿನಲ್ಲಿ ಕಟ್ಟಿದ ಪುಟ್ಟ ವಿಹಾರದಂಥ ಕಟ್ಟಡ, 1947ರಲ್ಲಿ ತೆರೆದದ್ದು. ಫೆರಿಗೆ ದುಡ್ಡಿಲ್ಲ, ಇಳಿದ ಮೇಲೆ ಎಸ್74 ಬಸ್ಸು, ಆಮೇಲೆ ಏರುದಾರಿ. ಹೋಗಿಬರಲು ಅರ್ಧ ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ. ನ್ಯೂವಾರ್ಕೂ ಮಾರ್ಷೆಯೂ ವಾರದ ಎಲ್ಲ ದಿನ ತೆರೆದಿರುವುದಿಲ್ಲ. ಎರಡನ್ನೂ ಒಂದೇ ದಿನಕ್ಕೆ ಹೊಂದಿಸಲು ಹೋಗಬೇಡಿ, ಒಂದು ಊರಿನ ದಕ್ಷಿಣಕ್ಕೆ, ಇನ್ನೊಂದು ನದಿಯಾಚೆ.

ಕಂಚಿನ ವಿಗ್ರಹಗಳ ವ್ಯತ್ಯಾಸ ತಿಳಿದವರು ಹೇಳಲಿ.

ಉತ್ತರ 2: ಎರಕದ_ಮನೆ

ಹದಿನೇಳನೇ ಬೀದಿಯವರೇ, ಮೊದಲ ತಿದ್ದುಪಡಿ ಅಲ್ಲೇ. ‘ಕಂಚು’ ಎಂದು ಎಲ್ಲದಕ್ಕೂ ಹೇಳುವುದು ಮ್ಯೂಸಿಯಂ ಚೀಟಿಗಳಿಂದ ಬಂದ ಚಾಳಿ. ಹಿಮಾಲಯದ ಲೋಹವಿಗ್ರಹಗಳಲ್ಲಿ ನಿಜವಾದ ಕಂಚು ಕಡಿಮೆ. ಗುರುತು ಹಿಡಿಯುವ ಕೆಲಸ ಲೋಹದಿಂದಲೇ ಶುರುವಾಗಬೇಕು, ಮುಖದಿಂದ ಅಲ್ಲ.

ಕಾಠ್ಮಂಡು ಕಣಿವೆಯ ನೇವಾರರು ಎರಕ ಹೊಯ್ಯುವುದು ಬಹುಮಟ್ಟಿಗೆ ಶುದ್ಧ ತಾಮ್ರದಲ್ಲಿ. ಚಿನ್ನದ ನೀರು ಸವೆದ ಜಾಗ, ಅಂದರೆ ಮೊಣಕಾಲು, ಮೂಗಿನ ತುದಿ, ಪೀಠದ ಅಂಚು ನೋಡಿ. ಒಳಗಿನಿಂದ ಕೆಂಪು ಇಣುಕಿದರೆ ತಾಮ್ರ, ನೇವಾರ ಕೈಯಿರುವ ಸಂಭವ ಹೆಚ್ಚು. ಕಾಶ್ಮೀರದ್ದು, ಪಶ್ಚಿಮ ಟಿಬೆಟಿನದು ಹಳದಿ ಹಿತ್ತಾಳೆ. ಕಾಶ್ಮೀರದವರು ಕಣ್ಣಿಗೆ ಬೆಳ್ಳಿ ಕೂಡಿಸುತ್ತಾರೆ. ಬಂಗಾಳ–ಬಿಹಾರದ ಪಾಲರ ಕಾಲದ್ದರಲ್ಲೂ ಕಣ್ಣಿಗೆ ಬೆಳ್ಳಿ, ತುಟಿಗೆ ತಾಮ್ರ ಕೂಡಿಸಿದ್ದು ಸಿಗುತ್ತದೆ.

ತಾಮ್ರವೇ ಏಕೆ? ಎರಕಕ್ಕೆ ಅದು ಒಳ್ಳೆಯ ಲೋಹವಲ್ಲ. 1085 ಡಿಗ್ರಿಗೆ ಕರಗುತ್ತದೆ, ಕರಗಿದ ಮೇಲೂ ಮಂದ, ಗಾಳಿ ಹೀರಿಕೊಂಡು ಗುಳ್ಳೆ ಬೀಳುತ್ತದೆ. ಹಿತ್ತಾಳೆ ಸಲೀಸಾಗಿ ಹರಿದು ಮೂಲೆಮೂಲೆ ತುಂಬುತ್ತದೆ. ಆದರೆ ಪಾದರಸದ ಚಿನ್ನಲೇಪಕ್ಕೆ ತಾಮ್ರದಷ್ಟು ಒಗ್ಗುವ ಲೋಹ ಬೇರೆ ಇಲ್ಲ. ಸೀಸ ಬೆರೆತ ಲೋಹಕ್ಕೆ ಹಚ್ಚಿದರೆ ಚಿನ್ನ ಕಲೆಕಲೆಯಾಗುತ್ತದೆ. ಚಿನ್ನವನ್ನು ಪಾದರಸದಲ್ಲಿ ಅರೆದು ಬೆಣ್ಣೆಯಂಥ ಮುದ್ದೆ ಮಾಡಿ, ಉಜ್ಜಿ ಶುದ್ಧ ಮಾಡಿದ ತಾಮ್ರಕ್ಕೆ ಬಳಿದು, ಕೆಂಡದ ಮೇಲೆ ಹಿಡಿಯುತ್ತಾರೆ. ಪಾದರಸ 357 ಡಿಗ್ರಿಗೆ ಕುದಿದು ಹಾರಿಹೋಗುತ್ತದೆ, ಚಿನ್ನ ಮಂಕಾಗಿ ಅಂಟಿಕೊಂಡು ಉಳಿಯುತ್ತದೆ. ಆಮೇಲೆ ಅಗೇಟ್ ಕಲ್ಲಿನಿಂದ ತಿಕ್ಕಿ ಹೊಳಪು. ಆ ಹೊಗೆ ನರಕ್ಕೂ ಮೂತ್ರಪಿಂಡಕ್ಕೂ ವಿಷ. ಕಾಠ್ಮಂಡು ಕಣಿವೆಯ ಪಾಟನ್ ಊರಿನ ಕುಶಲಕರ್ಮಿಗಳ ಮೈಮೇಲೆ ಬರುವ ಈ ಬೆಲೆಯನ್ನು ಗಾಜಿನ ಪೆಟ್ಟಿಗೆಯ ಚೀಟಿ ಬರೆಯುವುದಿಲ್ಲ.

ಎರಕದ ಕ್ರಮ ಗೊತ್ತಿದ್ದರೆ ಬೆಸುಗೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಜೇನುಮೇಣಕ್ಕೆ ಮರದ ರಾಳ ಬೆರೆಸುತ್ತಾರೆ. ರಾಳ ಹೆಚ್ಚಾದರೆ ಮೇಣ ಚಳಿಗೆ ಸಿಡಿಯುತ್ತದೆ, ಕಡಿಮೆಯಾದರೆ ಬೇಸಿಗೆಯಲ್ಲಿ ಬೆರಳು ಬಾಗಿಬಿಡುತ್ತದೆ. ಮೇಣದ ಅಚ್ಚಿಗೆ ಮೊದಲ ಲೇಪ ನಯವಾದ ಜೇಡಿ, ಸಗಣಿ. ಅದು ಒಣಗಿದ ಮೇಲೆ ಭತ್ತದ ಹೊಟ್ಟು ಕಲಸಿದ ದಪ್ಪ ಮಣ್ಣು. ಹೊಟ್ಟು ಸುಟ್ಟುಹೋಗಿ ಬಿಟ್ಟ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆ. ಅದಿಲ್ಲದಿದ್ದರೆ ಒಳಗೆ ಸಿಕ್ಕಿದ ಗಾಳಿ ಲೋಹವನ್ನು ತಡೆದು ಮೂಗೋ ಬೆರಳೋ ಅರ್ಧಕ್ಕೇ ನಿಲ್ಲುತ್ತದೆ. ಲೇಪ ಪೂರ್ತಿ ಒಣಗುವ ಮುಂಚೆ ಹೊಯ್ದರೆ ಉಳಿದ ತೇವ ಹಬೆಯಾಗಿ ಅಚ್ಚು ಸಿಡಿಯುತ್ತದೆ. ದೊಡ್ಡ ವಿಗ್ರಹವನ್ನು ತುಂಡುತುಂಡಾಗಿ ಹೊಯ್ದು ಕೂಡಿಸುವುದು ವಾಡಿಕೆ: ತೋಳು, ಕಿರೀಟ, ಪೀಠ ಬೇರೆಬೇರೆ. ತೋಳ್ಬಳೆಯ ಕೆಳಗೆ, ಉತ್ತರೀಯದ ಅಂಚಿನಲ್ಲಿ ಕೂಡಿಸಿದ ಗೆರೆ ಅಡಗಿಸುತ್ತಾರೆ. ಒಳಗೆ ಪೊಳ್ಳು. ಚೋಳರ ವಿಗ್ರಹಗಳಂತೆ ಗಟ್ಟಿ ಎರಕವಲ್ಲ.

ಎಷ್ಟು ಲೋಹ ಬೇಕು ಅನ್ನುವುದನ್ನು ಮೇಣ ತೂಗಿ ಲೆಕ್ಕ ಹಾಕುತ್ತಾರೆ. ತಾಮ್ರದ ಸಾಂದ್ರತೆ 8.9, ಮೇಣದ್ದು ಒಂದಕ್ಕಿಂತ ತುಸು ಕಡಿಮೆ. ಅಂದರೆ ಸುಮಾರು ಒಂಬತ್ತು ಪಟ್ಟು, ಮೇಲೆ ನಾಳಗಳಿಗೆ ಸ್ವಲ್ಪ ಹೆಚ್ಚು. ಇದು ನಮಗೆ ಹೊಸದೇನಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಹನ್ನೆರಡನೇ ಶತಮಾನದಲ್ಲೇ, ಇದೇ ಲೆಕ್ಕವಿದೆ. ತಾಮ್ರ, ಹಿತ್ತಾಳೆಗೆ ಪಾಠ ನೋಡಿ ಎಂಟು ಅಥವಾ ಹತ್ತು ಪಟ್ಟು, ಬೆಳ್ಳಿಗೆ ಹನ್ನೆರಡು, ಬಂಗಾರಕ್ಕೆ ಹದಿನಾರು.

ಈಗ ನೇಪಾಳವೋ ಟಿಬೆಟ್ಟೋ? ಸರಳ ಉತ್ತರವಿಲ್ಲ, ಏಕೆಂದರೆ ಟಿಬೆಟಿನ ಮಠಗಳು ಕೆಲಸ ಮಾಡಿಸುತ್ತಿದ್ದದ್ದೇ ನೇವಾರರಿಂದ. ಅರನಿಕೋ ಎಂಬ ನೇವಾರ ಕುಶಲಿ 1260ರಲ್ಲಿ ತಂಡ ಕಟ್ಟಿಕೊಂಡು ಟಿಬೆಟಿಗೆ ಹೋದ, ಅಲ್ಲಿಂದ ಕುಬ್ಲಾಯ್ ಖಾನನ ಆಸ್ಥಾನಕ್ಕೆ. ಬೀಜಿಂಗಿನ ಬಿಳಿ ಸ್ತೂಪ ಅವನದೇ ಕೆಲಸ. ಆದ್ದರಿಂದ ಕೈ ಯಾರದು ಅನ್ನುವುದಕ್ಕಿಂತ ಬಳಕೆ ಎಲ್ಲಿ ಆಯಿತು ಅನ್ನುವುದನ್ನು ನೋಡಿ. ಟಿಬೆಟಿನಲ್ಲಿ ಪೂಜೆಯಾದದ್ದಕ್ಕೆ ಮುಖದ ಮೇಲೆ ಮಂಕು ಚಿನ್ನದ ಪುಡಿ ಬಳಿದು, ಕಣ್ಣು ತುಟಿ ಬಣ್ಣದಲ್ಲಿ ಬರೆದು, ಕೂದಲಿಗೆ ನೀಲಿ ಹಚ್ಚಿರುತ್ತಾರೆ. ನೇಪಾಳದಲ್ಲಿ ಪೂಜೆಯಾದದ್ದು ಕುಂಕುಮ ಹಚ್ಚಿ, ಮುಟ್ಟಿ, ತೊಳೆದು ಮುಖವೇ ಸವೆದಿರುತ್ತದೆ. ಪೀಠದ ಮುಂಭಾಗದಲ್ಲಿ ಆರು ಚೀನಿ ಅಕ್ಷರ ಕಂಡರೆ ಅದು ಬಹುಮಟ್ಟಿಗೆ ಮಿಂಗ್ ಅರಮನೆಯ ಯೊಂಗ್ಲೆ ಚಕ್ರವರ್ತಿಯ ಕಾಲದ್ದು ಎಂದು ಹೇಳಿಕೊಳ್ಳುವ ಮುದ್ರೆ (ಆಳಿದ್ದು 1403–1424). ಟಿಬೆಟಿನವರಿಗೆ ಕೊಡುಗೆಯಾಗಿ ಮಾಡಿಸಿದ್ದರಿಂದ ಅದನ್ನು ಅವರ ರೂಢಿಯಂತೆ ಎಡದಿಂದ ಬಲಕ್ಕೆ ಬರೆದಿರುತ್ತದೆ.

ಸಾಧ್ಯವಾದರೆ ಕೆಳಗೆ ಕನ್ನಡಿ ಇಟ್ಟಿರುವ ಪೆಟ್ಟಿಗೆಯಲ್ಲಿ ತಳ ನೋಡಿ. ಟಿಬೆಟಿ ವಿಗ್ರಹದ ಹೊಟ್ಟೆಯೊಳಗೆ ನಡುವೆ ‘ಪ್ರಾಣದ ಮರ’ ಎನ್ನುವ ಕಡ್ಡಿ, ಸುತ್ತ ಮಂತ್ರ ಬರೆದ ಕಾಗದದ ಸುರುಳಿ, ಧಾನ್ಯ ತುಂಬಿ, ತಗಡು ಮುಚ್ಚಿ ಅಂಚು ಬಡಿದಿರುತ್ತಾರೆ. ತಗಡಿನ ಮೇಲೆ ಅಡ್ಡಡ್ಡ ಜೋಡಿಸಿದ ಎರಡು ವಜ್ರಾಯುಧದ ಗುರುತು. ತಗಡಿಲ್ಲದಿದ್ದರೆ ಯಾರೋ ಒಳಗೆ ಏನಿದೆ ಎಂದು ಕಿತ್ತಿದ್ದಾರೆ. ಈಗಿನ ಮ್ಯೂಸಿಯಂಗಳು ಬಿಚ್ಚದೆ ಎಕ್ಸ್‌ರೇ ಹಿಡಿಯುತ್ತವೆ.

ಉತ್ತರ 3: ಬಣ್ಣದ_ಬಟ್ಟಲು

ಥಾಂಗ್ಕಾ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯ ತೊಂದರೆಗೆ ಉತ್ತರ ಅದನ್ನು ಮಾಡುವ ಕ್ರಮದಲ್ಲೇ ಇದೆ, ಹಾಗಾಗಿ ಅಲ್ಲಿಂದ.

ತೆಳು ಹತ್ತಿಬಟ್ಟೆಯ ನಾಲ್ಕು ಅಂಚಿಗೆ ಸಣ್ಣ ಕಡ್ಡಿ ಹೊಲಿದು, ದೊಡ್ಡ ಮರದ ಚೌಕಟ್ಟಿಗೆ ದಾರದಿಂದ ಬಿಗಿಯುತ್ತಾರೆ. ಚರ್ಮ ಕಾಯಿಸಿ ತೆಗೆದ ಅಂಟಿನಲ್ಲಿ ಸೀಮೆಸುಣ್ಣದಂಥ ಬಿಳಿಮಣ್ಣು ಕಲಸಿ ಬಟ್ಟೆಯ ಎರಡೂ ಕಡೆ ಬಳಿದು, ಒದ್ದೆ ಮಾಡಿ, ನುಣುಪು ಕಲ್ಲಿನಿಂದಲೋ ಶಂಖದಿಂದಲೋ ತಿಕ್ಕುತ್ತಾರೆ. ಅಂಟು ಹೆಚ್ಚಾದರೆ ತಳ ಗಡುಸಾಗಿ, ಸುತ್ತಿದಾಗ ಬಿರಿಯುತ್ತದೆ. ಕಡಿಮೆಯಾದರೆ ಬೆರಳಿಗೆ ಪುಡಿ ಹತ್ತುತ್ತದೆ, ಬಣ್ಣವನ್ನೆಲ್ಲ ಹೀರಿಬಿಡುತ್ತದೆ. ಬಣ್ಣವೂ ಅದೇ ಅಂಟಿನಲ್ಲಿ ಅರೆದದ್ದು: ನೀಲಿಗೆ ಅಜುರೈಟ್, ಹಸಿರಿಗೆ ಮಲಕೈಟ್, ಕೆಂಪಿಗೆ ಇಂಗಲೀಕ, ಹಳದಿಗೆ ಹರಿತಾಳ. ಅಜುರೈಟನ್ನು ಹೆಚ್ಚು ಅರೆದಷ್ಟೂ ನೀಲಿ ಪೇಲವವಾಗುತ್ತದೆ. ಅದಕ್ಕೇ ಗಾಢ ನೀಲಿ ಬಳಿದ ಜಾಗ ಹತ್ತಿರದಿಂದ ಸಕ್ಕರೆ ಉದುರಿಸಿದ ಹಾಗೆ ತರಿತರಿ. ಇಂಡಿಗೋ, ಅರಗಿನ ಕೆಂಪು ಇವು ಛಾಯೆಗೆ; ಬೆಳಕಿಗೆ ಮಾಸುವುದು ಇವೇ.

ಬಣ್ಣಕ್ಕೆ ಮುಂಚೆ ಗೆರೆ. ಮೊದಲು ನಟ್ಟನಡುವೆ ನೆಟ್ಟಗಿನ ಬ್ರಹ್ಮರೇಖೆ, ಆಮೇಲೆ ಅಳತೆಯ ಜಾಲರಿ. ನಮ್ಮ ಶಿಲ್ಪಶಾಸ್ತ್ರದ ತಾಲಮಾನದ ಬಂಧುವೇ ಇದು, ಬೆರಳಗಲವೇ ಮೂಲಮಾನ. ಬುದ್ಧನ ಎತ್ತರಕ್ಕೆ 120 ಬೆರಳು ಎನ್ನುವ ಸಂಪ್ರದಾಯ ಒಂದು, 125 ಎನ್ನುವುದು ಇನ್ನೊಂದು. ಬಣ್ಣ ಆಕಾಶದಿಂದ ಶುರುವಾಗಿ ಹತ್ತಿರದ್ದಕ್ಕೆ ಬರುತ್ತದೆ, ನಂತರ ಛಾಯೆ, ಅಂಚುಗೆರೆ, ಚಿನ್ನ, ಕಟ್ಟಕಡೆಗೆ ಕಣ್ಣು. ಹಿಂಬದಿಯಲ್ಲಿ ಹಣೆ, ಗಂಟಲು, ಎದೆಯ ನೇರಕ್ಕೆ ಓಂ, ಆಃ, ಹೂಂ ಬರೆದಿದ್ದರೆ ಪ್ರತಿಷ್ಠೆ ಆಗಿದೆ ಎಂದು ಅರ್ಥ. ಹಾಗಾಗಿ ಕೊಳ್ಳುವಾಗ ಮೊದಲು ಹಿಂಬದಿ ತಿರುಗಿಸಿ ನೋಡುವುದು.

ನೇವಾರರು ಬರೆದದ್ದಕ್ಕೆ ಪೌಭಾ ಎನ್ನುತ್ತಾರೆ. ಕೆಂಪು ಧಾರಾಳ, ಕೆಳಗಿನ ಸಾಲಿನಲ್ಲಿ ಮಾಡಿಸಿದ ಮನೆಯವರ ಚಿತ್ರ, ಕೆಲವೊಮ್ಮೆ ನೇಪಾಳ ಸಂವತ್ತಿನಲ್ಲಿ ತಾರೀಖು. ಆ ಸಂಖ್ಯೆಗೆ 880 ಕೂಡಿಸಿದರೆ ಕ್ರಿಸ್ತಶಕ. ವರ್ಷ ಶುರುವಾಗುವ ದೀಪಾವಳಿಯಿಂದ ಡಿಸೆಂಬರ್ ಕೊನೆಯ ತನಕದ ತಾರೀಖಾದರೆ 879. ಟಿಬೆಟಿ ಥಾಂಗ್ಕಾದಲ್ಲಿ ಹದಿನೈದನೇ ಶತಮಾನದ ಚಿತ್ರಕಾರ ಮೆನ್ಲಾ ದೊಂಡ್ರುಪ್ ನಂತರ ಚೀನಿ ಬಗೆಯ ಬೆಟ್ಟ, ಮೋಡ, ನೀರು ಹಿನ್ನೆಲೆಗೆ ಬಂದವು. ಅಲ್ಲಿಯ ತನಕ ಹಿನ್ನೆಲೆಯೆಲ್ಲ ಸಾಲುಸಾಲು ಮನೆ ಕಟ್ಟಿದಂತೆ ದೇವತೆಗಳು.

ಇನ್ನು ನಿಮ್ಮ ಥಾಂಗ್ಕಾ. ಅಂಚು ಅಲೆಯೇಳುವುದಕ್ಕೆ ಕಾರಣ, ನಡುವಿನ ಅಂಟು–ಮಣ್ಣಿನ ಬಟ್ಟೆ ಒಂದು ಥರ ಹಿಗ್ಗುತ್ತದೆ, ಸುತ್ತಲಿನ ಜರಿಬಟ್ಟೆ ಇನ್ನೊಂದು ಥರ. ಹೊಲಿಗೆ ಎರಡನ್ನೂ ಹಿಡಿದಿರುವುದರಿಂದ ಸೊಟ್ಟಗಾಗುತ್ತದೆ. ಇಸ್ತ್ರಿ ಹಾಕಬೇಡಿ. ನೀರು ಚಿಮುಕಿಸಿ ಎಳೆಯಬೇಡಿ. ಬಣ್ಣ ನಿಂತಿರುವುದೇ ನೀರಿಗೆ ಕರಗುವ ಅಂಟಿನಲ್ಲಿ. ಒದ್ದೆಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಬಟ್ಟೆಗೆ ಬುದ್ಧನ ಅರ್ಧ ಮುಖ ಬಂದಿರುತ್ತದೆ. ಮಳೆ ನಿಂತು ಗಾಳಿ ಒಣಗಿದಾಗ ಅಲೆ ಬಹುಮಟ್ಟಿಗೆ ತಾನೇ ಇಳಿಯುತ್ತದೆ.

ನೂರಿನ್ನೂರು ರೂಪಾಯಿಗೆ ತೇವಮಾಪಕ ಸಿಗುತ್ತದೆ, ಪಕ್ಕದಲ್ಲಿ ಇಡಿ. ಶೇಕಡಾ 65 ದಾಟಿ ಕೂತರೆ ಬೂಸಲು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ದಾಟದ ದಿನವೇ ಇರುವುದಿಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯಿಂದ ಇಳಿಸಿಬಿಡುವುದೇ ವಾಸಿ. ಗಂಜಿ ಹಾಕದೆ ಚೆನ್ನಾಗಿ ಒಗೆದು ಒಣಗಿಸಿದ ಹಳೆ ಪಂಚೆ ಹಾಸಿ, ಮೇಲೊಂದು ಹೊದಿಸಿ, ಮರದ ಬೀರುವಿನ ಮೇಲ್ತಟ್ಟಿನಲ್ಲಿ ಮಟ್ಟಸವಾಗಿ ಮಲಗಿಸಿ. ಗಂಜಿ ಬೇಡ ಅಂದದ್ದು ಬೆಳ್ಳಿಹುಳು ಅದನ್ನೇ ಹುಡುಕಿಕೊಂಡು ಬರುತ್ತದೆ ಅಂತ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸುವುದು. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಬೇಡ, ಒಳಗಿನ ತೇವ ಒಳಗೇ ಬೆವರುತ್ತದೆ. ನುಸಿಗುಳಿಗೆ, ಕರ್ಪೂರ ತಾಗಿಸಿ ಇಡಬೇಡಿ. ಸುತ್ತಲೇಬೇಕಾದರೆ ಕೆಳಗಿನ ಕೋಲಿಗೆ ದಪ್ಪನೆ ರಟ್ಟಿನ ಕೊಳವೆ ಸೇರಿಸಿ ಸಡಿಲವಾಗಿ ಸುತ್ತಿ. ಹಳೆಯ ಥಾಂಗ್ಕಾಗಳಲ್ಲಿ ಅಡ್ಡಡ್ಡ ಕಾಣುವ ಬಿರುಕೆಲ್ಲ ತೆಳು ಕೋಲಿಗೆ ಬಿಗಿಯಾಗಿ ಸುತ್ತಿದ್ದರ ಫಲ.

ಕಂದು ಚುಕ್ಕೆ: ಮೊದಲು ಅದು ಪುಡಿಯಾಗಿ ಏಳುತ್ತದೆಯೇ ನೋಡಿ. ಎದ್ದರೆ ಜೀವಂತ ಬೂಸಲು. ಬಿಸಿಲಿಗೆ ಹಾಕದೆ ನೆರಳಿನಲ್ಲಿ, ಫ್ಯಾನ್ ನೇರವಾಗಿ ಬೀಸದಂತೆ ಎರಡು ದಿನ ಒಣಗಿಸಿ. ಆಮೇಲೆ ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆದು ಬ್ರಷ್‌ನಿಂದ ಜರಿಬಟ್ಟೆಯ ಮೇಲಷ್ಟೇ ಹಗುರವಾಗಿ ಸವರಿ. ಬಣ್ಣದ ಭಾಗಕ್ಕೆ ಬ್ರಷ್ ಹೋಗಬಾರದು. ಪುಡಿ ಏಳದಿದ್ದರೆ ಅದು ಹಳೇ ಕಲೆ, ಹಾಗೇ ಇರಲಿ. ಡೆಟಾಲ್, ವಿನೆಗರ್, ನಿಂಬೆಹಣ್ಣು ಯಾವುದೂ ಬೇಡ.

ಫ್ರೇಮ್ ಮಾಡಿಸಬಹುದು, ಷರತ್ತಿನ ಮೇಲೆ. ಗಾಜು ಬಣ್ಣಕ್ಕೆ ತಾಗಬಾರದು. ಒಳ ಅಂಚಿನಲ್ಲಿ ಕನಿಷ್ಠ 6ರಿಂದ 10 ಮಿಲಿಮೀಟರ್ ದಪ್ಪದ ಪಟ್ಟಿ ಕೊಡಿಸಿ. ತಾಗಿದರೆ ಮಳೆಗಾಲದಲ್ಲಿ ಅಂಟು ಮೆತ್ತಗಾಗಿ ಗಾಜಿಗೇ ಅಂಟುತ್ತದೆ, ಬಿಡಿಸುವಾಗ ಬಣ್ಣ ಅದರ ಜೊತೆ ಬರುತ್ತದೆ. ಅಕ್ರಿಲಿಕ್ ಹಾಳೆ ಹಗುರವಾದರೂ ಒರೆಸಿದಾಗ ವಿದ್ಯುತ್ ಹಿಡಿದು ಸಡಿಲ ಬಣ್ಣದ ಪುಡಿಯನ್ನು ಎಳೆಯುತ್ತದೆ, ಗಾಜೇ ಇರಲಿ. ಅಂಗಡಿಯವರು ಜರಿಬಟ್ಟೆ ಕತ್ತರಿಸಿ ಚಿತ್ರವನ್ನು ಪ್ಲೈವುಡ್‌ಗೆ ಫೆವಿಕಾಲ್ ಹಾಕಿ ಕೂರಿಸೋಣ ಎಂದರೆ ಎತ್ತಿಕೊಂಡು ಹೊರಟುಬಿಡಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡಲಿ. ಮಳೆ ಹೊಡೆಯುವ ಹೊರಗೋಡೆ, ಕಿಟಕಿಯ ಎದುರು, ದೇವರ ದೀಪದ ಮೇಲೆ ಈ ಮೂರೂ ಜಾಗ ಬೇಡ. ಮ್ಯೂಸಿಯಂನಲ್ಲಿ ಥಾಂಗ್ಕಾಕ್ಕೆ 50 ಲಕ್ಸ್ ಬೆಳಕು ಕೊಡುತ್ತಾರೆ. ಒಳಗೆ ಹೋದ ಕೂಡಲೇ ಕತ್ತಲೆ ಅನ್ನಿಸುವುದು ಅದಕ್ಕೇ.

ಉತ್ತರ 4: ದಾಖಲೆ_ಪೆಟ್ಟಿಗೆ

ಕಳವಿನ ಮಾತಿಗೆ. ಎರಡು ಬೇರೆ ಸಂಗತಿಗಳನ್ನು ಯಾರೋ ಒಂದು ಮಾಡಿದ್ದಾರೆ.

ಕಟ್ಟಡ ಮುಚ್ಚುವುದಕ್ಕೆ ಸಂಸ್ಥೆ ಕೊಟ್ಟ ಕಾರಣ ಸ್ವರೂಪ ಬದಲಾವಣೆ. ಕಳವಿನ ಪ್ರಸಂಗ ಅದಕ್ಕಿಂತ ಹಿಂದಿನದು, ಅದೂ ನಿಜವೇ. 2022ರ ಜನವರಿಯಲ್ಲಿ ರೂಬಿನ್ ಎರಡು ಮರದ ಕೆತ್ತನೆಗಳನ್ನು ನೇಪಾಳಕ್ಕೆ ಹಿಂದಿರುಗಿಸುವುದಾಗಿ ಪ್ರಕಟಿಸಿತು. ಒಂದು ಪಾಟನ್‌ನ ಯಂಪಿ ಮಹಾವಿಹಾರದ ತೋರಣದ (ಬಾಗಿಲ ಮೇಲಿನ ಕೆತ್ತಿದ ಕಮಾನು) ಮೇಲ್ಭಾಗ, ಹದಿನೇಳನೇ ಶತಮಾನದ್ದು. ಇನ್ನೊಂದು ಕಾಠ್ಮಂಡುವಿನ ಇತುಂ ಬಹಾಲ್‌ನ ಹದಿನಾಲ್ಕನೇ ಶತಮಾನದ ಹಾರ ಹಿಡಿದ ಗಂಧರ್ವ. ಇವು ಎಲ್ಲಿಂದ ಕಿತ್ತವು ಎಂದು ಮೊದಲು ಎತ್ತಿ ತೋರಿಸಿದ್ದು ಫೇಸ್‌ಬುಕ್‌ನ ‘ಲಾಸ್ಟ್ ಆರ್ಟ್ಸ್ ಆಫ್ ನೇಪಾಲ್’ ಪುಟ. ಆಮೇಲೆ ಇತುಂ ಬಹಾಲ್‌ನವರು ತಮ್ಮ ವಿಹಾರದಲ್ಲೇ ಸಣ್ಣ ಮ್ಯೂಸಿಯಂ ಮಾಡಲು ಇದೇ ರೂಬಿನ್ ನೆರವು ಕೊಟ್ಟಿತು. 2023ರಲ್ಲಿ ಅದು ತೆರೆಯಿತು.

ರೂಬಿನ್ ಒಂದನ್ನೇ ದೂರುವುದು ನ್ಯಾಯವಲ್ಲ. ಪಾಟನ್‌ನ ಪಟ್ಕೋ ಟೋಲ್‌ನಿಂದ 1984ರಲ್ಲಿ ಕದ್ದ ಲಕ್ಷ್ಮೀ–ನಾರಾಯಣ ಶಿಲ್ಪ ಡಲ್ಲಾಸ್ ಮ್ಯೂಸಿಯಂನಲ್ಲಿತ್ತು. 2021ರಲ್ಲಿ ಹಿಂದಕ್ಕೆ ಬಂದು, ಅದೇ ವರ್ಷ ಡಿಸೆಂಬರಿನಲ್ಲಿ ಮೊದಲಿದ್ದ ಗುಡಿಯಲ್ಲೇ ಕೂತಿತು. ಮ್ಯೂಸಿಯಂನ ಗಾಜಿನಿಂದ ಗುಡಿಯ ಕುಂಕುಮಕ್ಕೆ ಮರಳಿದ ಉದಾಹರಣೆ ಅಪರೂಪ.

ನೋಡುಗರಾಗಿ ನೀವು ಮಾಡಬಹುದಾದದ್ದು ಇಷ್ಟು. ವಸ್ತುವಿನ ಜಾಲಪುಟದಲ್ಲಿ ಒಡೆತನದ ಇತಿಹಾಸ ಓದಿ. ನೇಪಾಳದ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ 1956ರದ್ದು. ಅದಾದ ಮೇಲೆ ಅನುಮತಿಯಿಲ್ಲದೆ ಹೊರಗೆ ಹೋದದ್ದೆಲ್ಲ ಕಾನೂನುಬಾಹಿರ. ಇತಿಹಾಸ 1970–80ರ ದಶಕದಲ್ಲಿ ‘ಖಾಸಗಿ ಸಂಗ್ರಹ’ ಎಂದು ದಿಢೀರನೆ ಶುರುವಾದರೆ ಅನುಮಾನಕ್ಕೆ ಎಡೆಯಿದೆ, ಅಪರಾಧ ಸಾಬೀತಾಗಿಲ್ಲ. ಸಾಬೀತಾಗುವುದು ಫೋಟೋದಿಂದ. ನೇಪಾಳದ ಕಲಾವಿದ, ಕಲಾ ಇತಿಹಾಸಕಾರ ಲೈನ್ ಸಿಂಗ್ ಬಾಂಗ್ದೆಲ್ 1989ರಲ್ಲಿ ಪ್ರಕಟಿಸಿದ, ಕಳವಿಗೆ ಮುಂಚೆ ಗುಡಿಯಲ್ಲೇ ತೆಗೆದ ಚಿತ್ರಗಳು ಇವತ್ತಿಗೂ ಸಾಕ್ಷಿಯಾಗಿ ನಿಲ್ಲುತ್ತಿವೆ. ಮುರಿದ ಬೆರಳು, ಹಾರಿದ ಚಕ್ಕೆ ಆ ಹಳೆಯ ಚಿತ್ರದಲ್ಲೂ ಮ್ಯೂಸಿಯಂನ ಚಿತ್ರದಲ್ಲೂ ಒಂದೇ ಜಾಗದಲ್ಲಿದ್ದರೆ ಮುಂದೆ ವಾದವಿಲ್ಲ. ಮರದ ಕೆತ್ತನೆಯಾದರೆ ಹಿಂಬದಿಯ ಗರಗಸದ ಗುರುತು ನೋಡಿ. ಬಡಗಿ ಕೂರಿಸಿದ ಕೂಡು ಹಲ್ಲನ್ನು ಕಳ್ಳ ಬಿಚ್ಚಲು ಹೋಗುವುದಿಲ್ಲ, ಕೊಯ್ದುಬಿಡುತ್ತಾನೆ.

ಮರುಪ್ರಶ್ನೆ: ಹೇಮಾವತಿ_ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಥಾಂಗ್ಕಾ ಇವತ್ತೇ ಇಳಿಸಿದೆವು. ಚುಕ್ಕೆಯಿಂದ ಪುಡಿ ಏಳುತ್ತಿಲ್ಲ. ಬಣ್ಣದ ಬಟ್ಟಲು ಅವರೇ, ಇನ್ನೊಂದೇ ಕೇಳುತ್ತೇನೆ. ಮಂಡಲದ ಮುಂದೆ ನಿಂತರೆ ಎಲ್ಲಿಂದ ಶುರುಮಾಡಿ ನೋಡಬೇಕು? ಹೋಗುವ ಮುಂಚೆ ಇಲ್ಲೇ ಅಭ್ಯಾಸ ಮಾಡಿಕೊಳ್ಳುವ ದಾರಿ ಇದೆಯೇ?

ಉತ್ತರ 5: ಬಣ್ಣದ_ಬಟ್ಟಲು

ಮಂಡಲ ಎಂದರೆ ಮೇಲಿನಿಂದ ನೋಡಿದ ಅರಮನೆಯ ನಕ್ಷೆ. ನಮ್ಮ ಭೂಪಟದಂತೆ ಉತ್ತರ ಮೇಲಿಲ್ಲ. ಪೂರ್ವ ಕೆಳಗೆ, ನಿಮ್ಮ ಕಡೆಗೆ. ಅಲ್ಲಿಂದ ಪ್ರದಕ್ಷಿಣೆಯ ದಿಕ್ಕಿನಲ್ಲಿ ಎಡಕ್ಕೆ ದಕ್ಷಿಣ, ಮೇಲೆ ಪಶ್ಚಿಮ, ಬಲಕ್ಕೆ ಉತ್ತರ. ನೆಲದ ಬಣ್ಣವೂ ದಿಕ್ಕಿನದೇ. ರೂಢಿಯ ಪಂಚಬುದ್ಧರ ಕ್ರಮದಲ್ಲಿ ನಡುವೆ ಬಿಳಿಯ ವೈರೋಚನ, ಪೂರ್ವಕ್ಕೆ ನೀಲಿಯ ಅಕ್ಷೋಭ್ಯ, ದಕ್ಷಿಣಕ್ಕೆ ಹಳದಿಯ ರತ್ನಸಂಭವ, ಪಶ್ಚಿಮಕ್ಕೆ ಕೆಂಪಿನ ಅಮಿತಾಭ, ಉತ್ತರಕ್ಕೆ ಹಸಿರಿನ ಅಮೋಘಸಿದ್ಧಿ. ನಡುವಿನ ದೇವತೆ ಬೇರೆಯಾದರೆ ಬಿಳಿ–ನೀಲಿ ಜಾಗ ಬದಲಾಗುತ್ತವೆ. ಕೆಲವು ತಂತ್ರಗ್ರಂಥಗಳಲ್ಲಿ ಬಣ್ಣದ ಕ್ರಮವೇ ಬೇರೆ. ಕಣ್ಣು ಹೊರಗಿನಿಂದ ಒಳಕ್ಕೆ ಹೋಗಲಿ: ಬೆಂಕಿಯ ಉಂಗುರ, ವಜ್ರಾಯುಧಗಳ ಉಂಗುರ, ಉಗ್ರ ದೇವತೆಯದಾದರೆ ಎಂಟು ಸ್ಮಶಾನ, ತಾವರೆ ದಳ, ಆಮೇಲೆ ನಾಲ್ಕು ಬಾಗಿಲಿನ ಗೋಡೆ. ಬಾಗಿಲಿನ ಮೇಲಿನ ತೋರಣ ಹೊರಕ್ಕೆ ಮಗುಚಿದಂತೆ ಬರೆದಿರುತ್ತಾರೆ, ತಪ್ಪಲ್ಲ; ಎದ್ದುನಿಂತ ಭಾಗವನ್ನು ನಕ್ಷೆಯಲ್ಲಿ ತೋರಿಸುವ ಬಗೆ.

ಅಭ್ಯಾಸಕ್ಕೆ ಬೈಲಕುಪ್ಪೆಗಿಂತ ಬೇರೆ ಬೇಕೇ? ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಪೆನೋರ್ ರಿಂಪೋಚೆ ಶುರುಮಾಡಿದ್ದು. ಅಲ್ಲಿನ ಚಿನ್ನದ ದೇವಾಲಯದಲ್ಲಿ ನಡುವೆ 60 ಅಡಿಯ ಶಾಕ್ಯಮುನಿ, ಎರಡು ಪಕ್ಕಕ್ಕೆ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯುಸ್. ಹೆಸರು ಕೇಳದೆ ಗುರುತು ಹಿಡಿಯಿರಿ. ಬಲಗೈ ನೆಲ ಮುಟ್ಟಿದರೆ ಶಾಕ್ಯಮುನಿ. ಮೀಸೆ, ಎತ್ತರದ ಟೋಪಿ, ತೋಳಿಗೆ ಒರಗಿದ ತ್ರಿಶೂಲದಂಥ ದಂಡ ಇದ್ದರೆ ಪದ್ಮಸಂಭವ. ಮಡಿಲಲ್ಲಿ ಕಲಶ ಹಿಡಿದಿದ್ದರೆ ಅಮಿತಾಯುಸ್. ಗೋಡೆಯ ಚಿತ್ರಗಳಲ್ಲಿ ಹಣೆ, ಅಂಗೈ, ಅಂಗಾಲು ಸೇರಿ ಏಳು ಕಣ್ಣಿನವಳು ಸಿಕ್ಕರೆ ಬಿಳಿ ತಾರಾ. ಬಲಗಾಲು ಕೆಳಕ್ಕೆ ಇಳಿಬಿಟ್ಟವಳು ಹಸಿರು ತಾರಾ. ಕತ್ತಿ ಎತ್ತಿದವನು ಮಂಜುಶ್ರೀ. ಕತ್ತಿಯೂ ಪುಸ್ತಕವೂ ಭುಜದ ಪಕ್ಕದ ತಾವರೆಗಳ ಮೇಲಿದ್ದು, ಹಳದಿ ಟೋಪಿಯ ಸನ್ಯಾಸಿಯಾದರೆ ತ್ಸೊಂಗ್ಖಾಪಾ, ಇವರ ಪರಂಪರೆಯ ಸೇರಾ ಮಠವೂ ಅಲ್ಲೇ ಇದೆ. ಕಿವಿಗೆ ಕೈ ಇಟ್ಟುಕೊಂಡು ಹಾಡುವ ತೆಳುಬಟ್ಟೆಯವನು ಮಿಲರೇಪಾ. ಈ ಎಂಟು ಮುಖ ಪಕ್ಕಾ ಆದರೆ ಬ್ರೂಕ್ಲಿನ್‌ನ ಆ ಕೋಣೆಯಲ್ಲಿ ಚೀಟಿಗಾಗಿ ತಡಕಾಡಬೇಕಿಲ್ಲ. ಹಿಮಾಲಯನ್ ಆರ್ಟ್ ರಿಸೋರ್ಸಸ್ ಎಂಬ ಜಾಲತಾಣದಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇದೆ. ಒಬ್ಬ ದೇವತೆಯ ಹತ್ತು ಚಿತ್ರ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ.

ಪುಡಿ ಏಳದ ಚುಕ್ಕೆಯನ್ನು ಮುಟ್ಟಬೇಡಿ. ಆದರೆ ಬೀರುವಿಗೆ ಸೇರಿಸುವ ಮುಂಚೆ ಹಿಂಬದಿಯ ಅಸ್ತರಿ ಎತ್ತಿ, ಹೊಲಿಗೆಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಬೆಳ್ಳಿಹುಳು ಮೊಟ್ಟೆ ಇಡುವುದು ಅಲ್ಲಿ.